ಬೈಯುವ ಡ್ಯೂಟಿ

ಜನ ಸಾಯುವ ಜಾಗದಲ್ಲಿ ನಗು ಬರಬಾರದು ಅಂತಾರೆ. ಬರುತ್ತಿತ್ತು, ಏನು ಮಾಡೋದು? ಕೊರೊನಾದ ಎರಡನೇ ಅಲೆಯಲ್ಲಿ ನಾನು ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ದಿನಕ್ಕೆ ಒಂದಾದರೂ ಹಾಸಿಗೆ ಖಾಲಿಯಾಗುತ್ತಿತ್ತು, ಗುಣವಾಗಿ ಅಲ್ಲ. ಅದರ ನಡುವೆಯೇ ಇಂಥವೂ ನಡೆಯುತ್ತಿದ್ದವು.

ಎದೆ ಮೇಲಿನ ಕುರಿ

ಮೈಯೆಲ್ಲ ಮುಚ್ಚುವ ಪಿಪಿಇ ಕಿಟ್ ಹಾಕಿಕೊಂಡರೆ ನಾವೆಲ್ಲ ಒಂದೇ ಥರ. ಅದಕ್ಕೇ ಎದೆಯ ಮೇಲೆ ಸ್ಕೆಚ್ ಪೆನ್ನಿನಿಂದ ಹೆಸರು ಬರೆದುಕೊಳ್ಳುತ್ತಿದ್ದೆವು. ಖಾನಾಪುರ ಕಡೆಯ ಕುರಿ ಕಾಯುವ ಅಜ್ಜನೊಬ್ಬ ನನ್ನ ಕೈ ಹಿಡಿದು, "ಯವ್ವಾ, ನನಗ ಓದಾಕ ಬರೂದಿಲ್ಲ. ನಿನ್ನಿ ನೀರು ಕುಡಿಸಿದಾಕಿ ನೀನೋ, ಬ್ಯಾರೇದಾಕಿನೋ ತಿಳೀವಲ್ದು" ಎಂದ. ಮನೆಯವರ ಮುಖ ನೋಡದೆ ಹತ್ತು ದಿನವಾಗಿತ್ತು ಅವನಿಗೆ. ಗುರುತು ಸಿಗಲೆಂದು ಹೆಸರಿನ ಕೆಳಗೆ ಒಂದು ಕುರಿ ಬರೆದುಕೊಂಡು ಬಂದು ತೋರಿಸಿದೆ. ಬಹಳ ಹೊತ್ತು ನೋಡಿದ.

ಮರುದಿನ ಮತ್ತೆ ಅದೇ ಚಿತ್ರ ಬರೆದುಕೊಂಡು ವಾರ್ಡಿಗೆ ಕಾಲಿಟ್ಟೆ. ಅಜ್ಜ ಕೂಗಿದ: "ನಮ್ಮ ನಾಯಿ ಸಿಸ್ಟರ್ ಬಂದ್ಲು ನೋಡ್ರಿ!"

ಬೀಡಿ ಊರಿನ ಸ್ವಾಗತ

ಒಂದೂವರೆ ತಿಂಗಳ ಮೇಲೆ ಒಂದು ದಿನ ರಜೆ ಸಿಕ್ಕು ನಮ್ಮೂರು ಬೀಡಿಗೆ ಹೋದೆ. ಅಪ್ಪ ಬೆಳೆಗೆ ಔಷಧ ಹೊಡೆಯುವ ಪಂಪು ಬೆನ್ನಿಗೆ ಹಾಕಿಕೊಂಡು ಅಂಗಳದಲ್ಲೇ ನಿಂತಿದ್ದ.

"ಏನೈತಪ್ಪಾ ಅದರಾಗ?"

"ಬೇವಿನ ತಪ್ಪಲದ ನೀರು. ಕಣ್ಣು ಮುಚ್ಚು."

ಮುಂದೆ ಹೊಡೆದ, ಹಿಂದೆ ಹೊಡೆದ, ತೋಳು ಎತ್ತಿಸಿ ಹೊಡೆದ. ಅವ್ವ ಬಾಗಿಲಲ್ಲಿ ನಿಂತು ಅಳುತ್ತಿದ್ದಳು, ಹತ್ತಿರ ಬರುವ ಹಾಗಿಲ್ಲ. ಕೊನೆಗೆ ತಾಳಲಾರದೆ ಕೂಗಿದಳು: "ಸಾಕ ಬಿಡ್ರೀ! ಅಕಿ ಮಗಳು, ಬದನಿ ಗಿಡ ಅಲ್ಲ!"

ಕಾಕೂನ ಮಾತು

ಗಂಡಸರ ವಾರ್ಡಿನಲ್ಲಿ ಒಬ್ಬ ಕಾಕಾ ಇದ್ದರು. ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದವರು. ಅವರ ಹೆಂಡತಿ, ನಮ್ಮೆಲ್ಲರ ಬಾಯಲ್ಲಿ ಕಾಕೂ, ಅದೇ ರೋಗಕ್ಕೆ ಮೇಲಿನ ಮಹಡಿಯ ಹೆಂಗಸರ ವಾರ್ಡಿನಲ್ಲಿ. ನನ್ನ ಡ್ಯೂಟಿ ಎರಡೂ ಕಡೆ.

ಕಾಕಾ ಆಕ್ಸಿಜನ್ ಮಾಸ್ಕನ್ನು ಕಿತ್ತು ಒಗೆಯುತ್ತಿದ್ದರು. ಕಾಕೂಗೆ ಹೇಳಿದೆ. "ನೀ ಏನಂತಿ ಅವಗ?" ಎಂದು ಕೇಳಿದಳು.

"ಹಾಕ್ಕೋರಿ ಕಾಕಾ ಅಂತೀನಿ."

"ಹಂಗಂದ್ರ ಅವನ ಕಿವೀಗೆ ಬೀಳೂದಿಲ್ಲ ತಂಗಿ. ನಾ ಹೇಳಿದಂಗ ಹೇಳು. ಒಂದಕ್ಷರ ಬಿಡಬ್ಯಾಡ."

ಕೆಳಗೆ ಬಂದು ಕಣ್ಣು ಮುಚ್ಚಿ ಕೂಗಿಬಿಟ್ಟೆ: "ಏ ಮುದುಕಾ! ಮಾಸ್ಕ್ ತಗದಿ ಅಂದ್ರ ಇಳದ ಬಂದು ಕೈ ಮುರೀತೀನಿ ನೋಡು!"

ಇಡೀ ವಾರ್ಡು ಮಾಸ್ಕ್ ಸರಿಮಾಡಿಕೊಂಡಿತು. ರೌಂಡ್ಸಿಗೆ ಬಂದಿದ್ದ ಡಾಕ್ಟರೂ ತಮ್ಮದನ್ನು ಮುಟ್ಟಿ ನೋಡಿಕೊಂಡರು. ಕಾಕಾನ ಮುಖ ಅರಳಿತು. "ಆರಾಮ ಅದಾಳ ಹಂಗಾರ" ಅಂದು ಮಾಸ್ಕ್ ಏರಿಸಿದರು. ಆಮೇಲೆ ದಿನಾ ಮುಂಜಾನೆ ಒಂದು ಹೊಸ ಬೈಗುಳ, ಕೆಲವು ಮರಾಠಿಯಲ್ಲಿ.

ಆರನೇ ದಿನ ಕಾಕೂ ಹೋದಳು.

ಕಾಕಾನ ಸ್ಥಿತಿ ಸೂಕ್ಷ್ಮವಾಗಿತ್ತು. ಈಗ ಹೇಳುವುದು ಬೇಡ ಎಂದರು ಡಾಕ್ಟರು. ಮಗನೂ ಹೌದೆಂದ. ಹೀಗಾಗಿ ನಾನು ಬೈಯುತ್ತಲೇ ಹೋದೆ. ಬಾತ್‌ರೂಮಿನಲ್ಲಿ ಅತ್ತು, ಮುಖ ತೊಳೆದು, ಬೈಗುಳ ನಾನೇ ಕಟ್ಟಿಕೊಂಡು ಬರುತ್ತಿದ್ದೆ. "ಏ ಮುದುಕಾ, ಮಾಸ್ಕ್ ತಗದ್ರಿ ಅಂದ್ರ ನೋಡ್ರಿ ಮತ್ತ!" ಕಾಕಾ ಕಿಟಕಿ ಕಡೆ ಮುಖ ಮಾಡಿ ಕೇಳುತ್ತಿದ್ದರು. ಮಾಸ್ಕ್ ಮಾತ್ರ ಒಮ್ಮೆಯೂ ತೆಗೆಯಲಿಲ್ಲ. ಹೀಗೆ ಹತ್ತು ದಿನ.

ಗುಣವಾಗಿ ಮನೆಗೆ ಹೊರಟ ದಿನ ಮಗ ಗೇಟಿನ ಹತ್ತಿರ ವಿಷಯ ಹೇಳಿದ. ಗಾಲಿಕುರ್ಚಿ ಹಿಡಿದು ನಾನು ಹಿಂದೆ ನಿಂತಿದ್ದೆ. ಕಾಕಾ ನನ್ನ ಕಡೆ ತಿರುಗಿದರು.

"ನನಗ ಗೊತ್ತಿತ್ತು ತಂಗಿ."

"ಹೆಂಗ್ರೀ ಕಾಕಾ?"

"ಕಡೀ ಹತ್ತ ದಿನ ನೀ ‘ರೀ’ ಹಚ್ಚಿ ಬೈದಿ. ನಲವತ್ತು ವರ್ಷದಾಗ ಆಕಿ ಒಮ್ಮೆನೂ ನನಗ ಅಷ್ಟು ಮರ್ಯಾದಿಲೆ ಬೈದಿಲ್ಲ."