ಕೋಲ್ಡ್‌ರೂಮಿನಲ್ಲಿ ಕ್ಯೂ.ಇ.ಡಿ.

ಕಾನ್ವೆಂಟಿನಲ್ಲಿ ಜಾಮಿಟ್ರಿ ಕಲಿತವಳು ಒಂದು ಬಾಗಿಲಿಗೆ ಹೆದರುವುದುಂಟೇ? ಹೀಗೆಂದುಕೊಂಡೇ ನಾನು ಆ ಕೆಲಸಕ್ಕೆ ಕೈ ಹಾಕಿದ್ದು.

ಭಟ್ಕಳ ಬಂದರಿನ ಹತ್ತಿರ ನಮ್ಮದೊಂದು ಸಣ್ಣ ಕೋಲ್ಡ್‌ರೂಮ್ ಇದೆ. ಕೆಲಸದವರು ಸೆಖೆ ತಡೆಯಲಾರದೆ ನೆಪ ಹುಡುಕಿ ಒಳಗೆ ನುಗ್ಗುತ್ತಿದ್ದರು. ಬಾಗಿಲು ತೆಗೆದು ತೆಗೆದು ಸಿಗಡಿಯೆಲ್ಲ ಮೆತ್ತಗೆ! ಕುಮಟೆಯಲ್ಲಿರುವ ನನ್ನ ಅಣ್ಣನ ಮಗಳು ಸುಮಾ ಆಸ್ಪತ್ರೆಯ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವವಳು. ನಮ್ಮ ಬಾಗಿಲಿಗೂ ಒಂದು ಬರೆದುಕೊಡು ಎಂದೆ. ನಿಯಮ ನನ್ನದೇ: ಒಮ್ಮೆ ಮುಚ್ಚಿದ ಬಾಗಿಲು, ಒಳಗೆ ಪೂರ್ತಿ ತಂಪಾಗುವ ತನಕ ಯಾವ ಕಾರಣಕ್ಕೂ ತೆರೆಯಕೂಡದು.

"ಆತು ಅತ್ತೆ. ನಾಲ್ಕು ಸಲ ತೆಗೆದು ಹಾಕಿ ಟೆಸ್ಟ್ ಮಾಡಿದ್ರೆ ಸಾಕು."

"ಟೆಸ್ಟ್ ಎಂತಕ್ಕೆ? ಪ್ರೂಫ್ ಬೇಕು! ಎಂದೆಂದಿಗೂ ತಪ್ಪೂದಿಲ್ಲ ಅಂತ ಆಸ್ಪತ್ರೆ ಯಂತ್ರಕ್ಕೆ ಲೆಕ್ಕದಲ್ಲಿ ಸಾಧಿಸ್ತೀಯಲ್ಲ, ಅದು."

"ಅದು ಪ್ರಾಣದ ಪ್ರಶ್ನೆ ಇರೋ ಕಡೆ ಅತ್ತೆ. ಅಷ್ಟು ಕಷ್ಟಪಟ್ಟದ್ದಕ್ಕೆ ಅಲ್ಲಿ ಅರ್ಥ ಇರ್ತದೆ. ನಿಮ್ಮ ಸಿಗಡಿ ಆಗಲೇ ಸತ್ತದ್ದಲ್ವಾ?"

ನಾನು ಬಿಡಲಿಲ್ಲ. ಕಡೆಗೆ ಅವಳು, "ಬಾಗಿಲು ಮುಚ್ಚಿದಾಗ ಒಳಗೆ ಯಾರಾದ್ರೂ ಇರ್ತಾರಾ? ಇದ್ರೆ ಪ್ರೂಫೇ ಬೇರೆ," ಎಂದಳು.

"ಯಾರೂ ಇರೂದಿಲ್ಲ. ಮನುಷ್ಯರಿಗೆ ಅಲ್ಲಿ ಎಂತ ಕೆಲಸ?"

ಈ ಉತ್ತರದಲ್ಲಿ ಒಂದು ಅತಿ ಸಣ್ಣ ಲೋಪವಿತ್ತು. ಊಟವಾದ ಮೇಲೆ, ಕೆಲಸದವರು ಚಹಾಕ್ಕೆ ಹೋದಾಗ, ದಿನಾ ಸ್ವಲ್ಪ ಹೊತ್ತು ಒಳಗೆ ನಿಂತು ಮುಖ ತಂಪು ಮಾಡಿಕೊಳ್ಳುವ ಗೌರವಾನ್ವಿತ ಮಹಿಳೆಯೊಬ್ಬಳಿದ್ದಳು. ಇತರರಿಗೆ ಬೈಯುವ ಅಧಿಕಾರ ಉಳಿಯಬೇಕಾದ್ದರಿಂದ ಆಕೆಯ ಹೆಸರನ್ನು ನಾನು ಗೋಪ್ಯವಾಗಿಟ್ಟಿದ್ದೆ.

ಪ್ರೂಫ್ ಮುಗಿದು ಬಾಗಿಲು ಚಾಲೂ ಆದ ಮರುದಿನವೇ ಒಳಗೆ ಹೋದೆ. ಬಾಗಿಲ ಪಕ್ಕ ಹೊಸದಾಗಿ ಒಂದು ದಪ್ಪ ಕಬ್ಬಿಣದ ಗೂಟ! ಎಷ್ಟು ಥಾಟ್‌ಫುಲ್ ಎಂದು ಹ್ಯಾಂಡ್‌ಬ್ಯಾಗ್ ನೇತುಹಾಕಿದೆ. ಬಾಗಿಲು ತಾನಾಗಿ ಮುಚ್ಚಿ 'ಕ್ಲಿಕ್' ಎಂದಿತು.

ದೂಡಿದೆ. ಗುದ್ದಿದೆ. ಪ್ರೂಫ್ ಕೊಂಚವೂ ಅಲುಗಲಿಲ್ಲ.

ಫೋನಿಗೆ ಸಿಗ್ನಲ್ ಇಲ್ಲ. ಮೈಮೇಲೆ ತೆಳು ಕಾಟನ್ ಸೀರೆ. ಬೆರಳು ಮರಗಟ್ಟಿತು. ಉಸಿರು ಹೊಗೆಯಾಗಿ ಎದುರೇ ತೇಲಿತು. ಆಗ ಹೊಳೆಯಿತು: ಒಳಗೆ ಪೂರ್ತಿ ತಂಪಾಗುವ ತನಕ ಬಾಗಿಲು ತೆರೆಯದು. ಒಳಗೆ ಬಿಸಿಯಾಗಿ ಉಳಿದಿದ್ದ ವಸ್ತು ನಾನೊಬ್ಬಳೇ!

ಹೊನ್ನಾವರದ ಕ್ಲಾಸ್‌ರೂಮ್ ಕಣ್ಣ ಮುಂದೆ ಬಂತು. ಬೋರ್ಡಿನ ಮೇಲೆ ಸಿಸ್ಟರ್ ಬರೆದ ದುಂಡಕ್ಷರ, ಕಿಟಕಿಯಾಚೆ ಶರಾವತಿ. "ಚೈಲ್ಡ್, 'ಗಿವನ್' ಎಂದು ಮೊದಲು ಹಿಡಿದದ್ದೇ ತಪ್ಪಾದರೆ ಕೊನೆಗೆ 'ಸಾಧಿಸಿದ್ದಾಯಿತು' ಎಂದು ಕ್ಯೂ.ಇ.ಡಿ. ಬರೆದು ಏನು ಫಲ?" ಆಗ ನಾನು ಹೊಳೆ ನೋಡುತ್ತಿದ್ದೆ. ಈಗ ಸಿಸ್ಟರ್ ಇಲ್ಲ, ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯೂ ಇಲ್ಲ. ಇನ್ನು ಸ್ವಲ್ಪ ಹೊತ್ತಿಗೆ ನಾನೂ!

ಹೊರಗೆ ನಮ್ಮ ಯಜಮಾನರ ಕೆಮ್ಮು ಕೇಳಿಸಿತು. ಎರಡೂ ಕೈಯಿಂದ ಬಾಗಿಲು ಬಡಿದೆ.

"ಯಾರದು ಒಳಗೆ?"

"ನಾನು!"

"ನೀನಾ? ಒಳಗೆ ಯಾರೂ ಇರೂದಿಲ್ಲ ಅಂದಿದ್ಯಲ್ಲ ಮಾರಾಯ್ತಿ!"

"ವಾದ ಆಮೇಲೆ! ಸುಮಾಗೆ ಫೋನ್ ಮಾಡಿ!"

ಮಾಡಿದರು. ನನ್ನ ಹಲ್ಲು ಕಟಕಟ. ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಅಂತೂ ಬಾಗಿಲಾಚೆಯಿಂದ ಯಜಮಾನರ ದನಿ ಬಂತು.

"ಬಾಗಿಲ ಪಕ್ಕ ಕಬ್ಬಿಣದ ಗೂಟ ಕಾಣ್ತದಾ ಅಂತ ಕೇಳ್ತಾಳೆ."

"ಕಾಣ್ತದೆ! ಬ್ಯಾಗ್ ನೇತುಹಾಕಿದ್ದೇನೆ!"

ಯಜಮಾನರು ಅದನ್ನೇ ಫೋನಿಗೆ ಒಪ್ಪಿಸಿದರು.

"ಬ್ಯಾಗ್ ತೆಗೆದು, ಅದನ್ನ ಜೋರಾಗಿ ದೂಡ್ಬೇಕಂತೆ."

ದೂಡಿದೆ. ಬೀಗ ಕಳಚಿತು. ನಾನು, ಬ್ಯಾಗು, ಎರಡು ಬುಟ್ಟಿ ಸಿಗಡಿ ಒಟ್ಟಿಗೇ ಯಜಮಾನರ ಕಾಲಬುಡಕ್ಕೆ ಬಿದ್ದೆವು!

ಸಂಜೆ ಸುಮಾ ಬಂದಳು. "ಆ ಗೂಟಕ್ಕೂ ಸಾಫ್ಟ್‌ವೇರಿಗೂ ಸಂಬಂಧ ಇಲ್ಲ ಅತ್ತೆ. ನಿಮ್ಮ ಮಾತು ನಂಬಿ ಪ್ರೂಫ್ ಮಾಡಿದೆ. ನಂಬದೆ ಗೂಟ ಇಟ್ಟೆ."

ನಾನು ಕಂಬಳಿಯೊಳಗೆ ಇನ್ನಷ್ಟು ಮುದುಡಿದೆ.

"ಈಗ ಇದು ಪ್ರಾಣದ ಪ್ರಶ್ನೆ. ಪ್ರೂಫಿಗೆ ನಿಜವಾಗಿ ಕೆಲಸ ಬಂತು," ಎಂದು ಅವಳು ಲ್ಯಾಪ್‌ಟಾಪ್ ತೆರೆದು, ಕೆಲಸದವರಿಗೂ ಕೇಳುವಂತೆ ಮೊದಲ ಸಾಲನ್ನು ಗಟ್ಟಿಯಾಗಿ ಓದಿದಳು:

"ಗಿವನ್: ಅತ್ತೆ ಒಳಗೇ ಇರ್ತಾರೆ."

ಅದಕ್ಕೆ ಮಾತ್ರ ಯಾರೂ ಪ್ರೂಫ್ ಕೇಳಲಿಲ್ಲ!