ಅಳಿಸುವ ಮನೆಯ ಅಸಲಿ ದೆವ್ವ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ಚೀಲ ಹೊತ್ತು ಓದಿದವನು ದೆವ್ವಕ್ಕೆ ಹೆದರಿದರೆ ಓದಿಗೇ ಅವಮಾನ ಎಂದುಕೊಂಡು, ಬ್ಯಾಡಗಿಯಲ್ಲಿ ಯಾರೂ ಬಾಡಿಗೆಗೆ ಬಾರದ ಮನೆಯನ್ನೇ ಹುಡುಕಿ ಹಿಡಿದೆ. ಕಾಲಿಟ್ಟವರನ್ನೆಲ್ಲ ಅಲ್ಲಿಯ ದೆವ್ವ ಅಳಿಸುತ್ತದೆಂದು ಓಣಿಯ ನಂಬಿಕೆ. ಅಳು ಬರುತ್ತಿದ್ದುದು ಖರೇ. ಹಿಂದೆ ವರ್ಷಗಟ್ಟಲೆ ಮೆಣಸಿನಕಾಯಿ ಒಟ್ಟಿದ್ದ ಮನೆ. ಫ್ಯಾನು ಹಾಕಿದರೆ ಅಟ್ಟದ ಸಂದಿಯಿಂದ ಘಾಟು ಇಳಿಯುತ್ತದೆ. ಎದುರುಮನೆಯ ಶಾಂತವ್ವನಿಗೆ ಇದನ್ನು ಬಿಡಿಸಿ ಹೇಳಿದೆ. "ಬ್ಯಾಡಗ್ಯಾಗ ಹುಟ್ಟಿದವ್ರು ಮೆಣಸಿನಕಾಯಿಗೆ ಅಳ್ತಾರೇನ್ರಿ ಸರ? ದೆವ್ವನ ಅದು" ಎಂದು ನನ್ನ ಪದವಿಯನ್ನು ನಿಂತಲ್ಲೇ ರದ್ದು ಮಾಡಿದಳು. ನನಗೇನೋ ನಡೆಯುತ್ತಿತ್ತು. ಆದರೆ ನನ್ನ ಹೆಂಡತಿ ಎರಡು ವರ್ಷ ಒಬ್ಬಳೇ ಚಹಾ ಕುಡಿದಳು. ಓಣಿಯವರು ಒಬ್ಬರಾದರೂ ಒಳಗೆ ಬಂದು ಕೂತು ಹೋಗಲಿ ಎಂಬುದಷ್ಟೇ ಅವಳ ಆಸೆ.

ಹಾಗಿರುವಾಗ ಒಂದು ದಿನ ಹಾವೇರಿಯ ವಸ್ತುಪ್ರದರ್ಶನದಲ್ಲಿ ಭೂತಬಂಗಲೆ ಕಟ್ಟುವವನೊಬ್ಬ ನಮ್ಮ ಮನೆಯ ಖ್ಯಾತಿ ಕೇಳಿ, ನಮೂನೆ ನೋಡಲು ಬಂದ. ಕಣ್ಣೊರೆಸಿಕೊಳ್ಳುತ್ತ ಎಲ್ಲ ಕೋಣೆ ಸುತ್ತಿದ. ಬಿಸಿಲು ಬೀಳುವ ಅಂಗಳ, ಒಗೆದು ಹಾಕಿದ ದುಪ್ಪಟಿ, ಕುಕ್ಕರಿನ ಸೀಟಿ. "ದೆವ್ವದ ಮನಿ ಹಿಂಗಿದ್ರ ಮಂದಿ ಯಾಕ ಬರ್ತಾರ್ರೀ? ಒಂದು ಜೇಡರ ಬಲೀನೂ ಇಲ್ಲಲ್ರೀ" ಎಂದು ಬೇಜಾರು ಮಾಡಿಕೊಂಡ. ಸಿನಿಮಾದವರೂ ಹೀಗೇ ಇರಬೇಕು: ಊರ ಮನೆಯಿಂದ ಹೆಸರನ್ನಷ್ಟೇ ಒಯ್ದು, ಉಳಿದಿದ್ದನ್ನು ಬೇರೆ ಸಿನಿಮಾದಿಂದ ತರುತ್ತಾರೆ. ಹೊರಡುವಾಗ ಅವನ ಕಣ್ಣು ಗೋಡೆಯ ಮೇಲೆ ನಿಂತಿತು. ಘಟಿಕೋತ್ಸವದ ಕರಿ ನಿಲುವಂಗಿ, ಟೋಪಿ ಹಾಕಿಕೊಂಡು, ನಗಬಾರದೆಂದು ಹಲ್ಲು ಕಚ್ಚಿ ನಿಂತ ನನ್ನ ಫೋಟೊ. "ಇದನ್ನೊಂದು ತಕ್ಕೋತೇನ್ರಿ" ಎಂದು ಮೊಬೈಲಿನಲ್ಲಿ ಹಿಡಿದುಕೊಂಡ. ಓದಿನ ಬೆಲೆ ಬಲ್ಲವನು ಎಂದು ಹಿಗ್ಗಿ, ಇನ್ನೊಂದು ಕಪ್ ಚಹಾ ಕೊಡಿಸಿದೆ.

ಪ್ರದರ್ಶನ ಶುರುವಾದ ಭಾನುವಾರ ನಾವೂ ಹಾವೇರಿಗೆ ಹೋದೆವು. ಅವನ ಭೂತಬಂಗಲೆಯ ಬೋರ್ಡಿನಲ್ಲಿ 'ಬ್ಯಾಡಗಿಯ ಅಳಿಸುವ ಮನೆ' ಎಂದಿತ್ತು. ಒಳಗೆ ನಮ್ಮಲ್ಲಿಲ್ಲದ ಬಾವಿ, ನಮ್ಮಲ್ಲಿಲ್ಲದ ತೂಗುಮಂಚ. ಕೊನೆಯ ಕೋಣೆಯಲ್ಲಿ ಕೆಂಪು ದೀಪ ಹತ್ತಿತು. ಆಳೆತ್ತರದ ಬೊಂಬೆ, ಕರಿ ನಿಲುವಂಗಿ, ಟೋಪಿ, ಕಚ್ಚಿದ ಹಲ್ಲು. ಹೆಂಡತಿ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. ಹಿಂದಿದ್ದ ಹೆಂಗಸರು ಮಾತ್ರ ಚೀರಿ ಹೊರಗೋಡಿದರು. ಅವರಲ್ಲಿ ಶಾಂತವ್ವನೂ ಇದ್ದಳು.

ಮರುದಿನ ಸಂಜೆ ಶಾಂತವ್ವ ನಾಲ್ಕು ಮಂದಿಯನ್ನು ಕಟ್ಟಿಕೊಂಡು, ಅಸಲಿ ಮನೆ ನೋಡಲೆಂದು ನಮ್ಮ ಹೊಸ್ತಿಲು ದಾಟಿದಳು. ಎಲ್ಲರೂ ಸೀನಿದರು, ಅತ್ತರು, ಕೂತರು. ಹೆಂಡತಿ ಪಡಸಾಲೆಗೂ ಒಲೆಗೂ ಓಡಾಡುತ್ತ ಎರಡು ಸಲ ಚಹಾ ಕಾಸಿದಳು. ಅವಳ ಮುಖ ನೋಡಬೇಕಿತ್ತು. ಶಾಂತವ್ವ ಮೂಗೊರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾವೇರ್ಯಾಗಿನ ನಿಮ್ಮನ್ನ ನೋಡಿ ಎದಿ ಝಲ್ ಅಂದಿತ್ರಿ ಸರ. ಇಲ್ಲೆ ನೋಡಿದ್ರ ಏನೂ ಅನ್ಸವಲ್ದು" ಎಂದಳು. ನಾನು ಎದ್ದುಹೋಗಿ ಬಿಸ್ಕಿಟಿನ ತಟ್ಟೆ ತಂದಿಟ್ಟೆ.