ಚಕ್ರದ ಗಾಳಿ ಕಾಯುವ ಹಳದಿ ದೀಪದ ಸನ್ನಿಧಿಗೆ

ಕಾರಿನ ಮುಂಫಲಕದಲ್ಲಿ ವಿರಾಜಮಾನರಾದ ಮಾನ್ಯ ಹಳದಿ ದೀಪದವರೇ,

ತಮ್ಮ ಪ್ರಕಾಶಕ್ಕೆ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ಶನಿವಾರ ನಾನು ಕಾರಿನ ನಾಲ್ಕೂ ಚಕ್ರ ಬದಲಾಯಿಸಿದ ಗಳಿಗೆಯಿಂದ ತಾವು ಕಣ್ಣು ಮುಚ್ಚಿರಲಿಲ್ಲ. ಹೊಸ ಚಕ್ರಗಳೊಳಗೆ ಗಾಳಿಯ ಒತ್ತಡ ಅಳೆಯುವ ಹೊಸ ಸೆನ್ಸರ್‌ಗಳಿವೆ, ತಮಗೆ ಅವುಗಳ ಪರಿಚಯವಾಗಬೇಕಾದರೆ ಗುಂಡಿ ಒತ್ತಿ ಇಪ್ಪತ್ತು ನಿಮಿಷ ಎಲ್ಲೂ ನಿಲ್ಲಿಸದೆ ಓಡಿಸಬೇಕೆಂದು ಕೈಪಿಡಿ ಹೇಳುತ್ತದೆ. ನಮ್ಮ ಊರಿನಲ್ಲಿ ಇಪ್ಪತ್ತು ನಿಮಿಷ ನಿಲ್ಲದೆ ಓಡುವುದು ಕೆಟ್ಟ ನಲ್ಲಿಯೊಂದೇ. ಆದರೂ ಹೊರಟೆ. ಕೈಪಿಡಿ ಹಿಡಿದು ಪಕ್ಕದಲ್ಲಿ ಕೂತ ನನ್ನಾಕೆ ಪ್ರತಿ ಸಿಗ್ನಲ್ಲಿನಲ್ಲೂ, "ನಿಲ್ಲಿಸ್ಬಾರ್ದು ಅಂತ ಬರ್ದಿದೆ ರೀ, ಯಾಕ್ ನಿಲ್ಲಿಸ್ತೀರಾ?" ಎಂದು ನ್ಯಾಯ ಕೇಳಿದಳು. ಮೂರು ಸಲ ಊರು ಸುತ್ತಿದರೂ ತಾವು ಜಗ್ಗಲಿಲ್ಲ.

ಮನೆಯ ಶೆಡ್ಡಿನೊಳಗೆ ಬಂದು ನಿಲ್ಲಿಸಿದ್ದೇ ತಡ, ತಣ್ಣಗೆ ಆರಿಹೋದಿರಿ. ಒಲಿದಿರೆಂದು ಭಾವಿಸಿ ತಮ್ಮ ಗಾಜನ್ನು ಕರವಸ್ತ್ರದಿಂದ ಒರೆಸಿದೆ.

ಸೋಮವಾರ ಒಂಬತ್ತಕ್ಕೆ ಪೊರೆ ತೆಗೆಸಿಕೊಂಡಿದ್ದ ನಮ್ಮ ಅತ್ತೆಯವರ ಕಣ್ಣಿನ ಪಟ್ಟಿ ಬಿಚ್ಚಿಸಬೇಕಿತ್ತು. ತಪ್ಪಿದರೆ ಡಾಕ್ಟರು ಸಿಗುವುದು ಮುಂದಿನ ವಾರವೇ. ತಾವು ಆಗಲೂ ಆರಿಯೇ ಇದ್ದಿರಿ. "ಬನ್ನಿ ಅತ್ತೆ, ಎಲ್ಲಾ ಸರಿಯಾಗಿದೆ, ಕಾರೇ ಹೇಳ್ತಿದೆ" ಎಂದೆ. ಅವರು ಪಟ್ಟಿ ಇಲ್ಲದ ಒಂದೇ ಕಣ್ಣನ್ನು ಕಿರಿದು ಮಾಡಿ, "ಹಿಂದಿನ ಚಕ್ರ ನೆಲಕ್ಕೆ ಅಂಟ್ಕೊಂಡಿದೆಯಲ್ಲ ಅಳಿಯಂದ್ರೇ" ಎಂದರು. ಟೈರು ಕೈಕಾಲು ಚಾಚಿ ಮಲಗಿತ್ತು.

ಟ್ಯಾಕ್ಸಿಗಾಗಿ ಬೀದಿಗೆ ಓಡಿ, ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಡಾಕ್ಟರು ಬ್ಯಾಗು ಹಿಡಿದು ಇಳಿಯುತ್ತಿದ್ದರು. ನನ್ನ ಅವಸ್ಥೆ ಕಂಡು ರೋಗಿ ನಾನೇ ಎಂದುಕೊಂಡು ಒಳಗೆ ಕರೆದರು. ಪಟ್ಟಿ ಬಿಚ್ಚಿದ ಕೂಡಲೇ ಅತ್ತೆಯವರ ಮೊದಲ ಮಾತು: "ಅಯ್ಯೋ, ಇಷ್ಟೊಂದು ತಲೆ ನರೆತಿದೆಯಾ ನಿಮಗೆ!"

ಸಂಜೆ ಬಂದ ಮೆಕ್ಯಾನಿಕ್, ಶೆಡ್ಡಿನ ಮೂಲೆಯಲ್ಲಿ ಕಾರಿನ ಹಿಂದೆ ಪೇರಿಸಿಟ್ಟಿದ್ದ ಹಳೆಯ ಚಕ್ರಗಳನ್ನು ನೋಡಿ ನಕ್ಕ. "ಹೊಸ ಸೆನ್ಸರ್ ನಂಬರನ್ನ ಕಾರಿಗೆ ಹಾಕ್ಸೇ ಇಲ್ಲ ನೀವು. ಅದಿನ್ನೂ ಈ ಹಳೇದರ ಸುದ್ದೀನೇ ಕೇಳ್ತಾ ಇದೆ. ಶೆಡ್ಡಿಂದ ದೂರ ಹೋದ್ರೆ ಅದು ಸಿಗಲ್ಲ, ಅದಕ್ಕೇ ಉರಿಯುತ್ತೆ." ಮೂಲೆ ಸೇರಿದ ಹಳಬರ ಯೋಗಕ್ಷೇಮ ಕೇಳಿ ನೆಮ್ಮದಿಯಾಗಿ ಮಲಗುತ್ತಿದ್ದ ತಮ್ಮಂಥ ನಿಷ್ಠಾವಂತರನ್ನು ನಾನು ಬಂಧುಬಳಗದಲ್ಲೂ ಕಂಡಿಲ್ಲ.

ಅವನು ಅಂಗೈಯಗಲದ ಯಂತ್ರ ಹಿಡಿದು ಐದೇ ನಿಮಿಷದಲ್ಲಿ ಪರಿಚಯ ಮುಗಿಸಿಕೊಟ್ಟ. ಇನ್ನಾದರೂ ಹೊಸಬರನ್ನು ತಮ್ಮವರೆಂದು ಒಪ್ಪಿಕೊಳ್ಳಬೇಕು. ಸಾಧ್ಯವಾದರೆ ನನ್ನ ರಕ್ತದೊತ್ತಡವನ್ನೂ ತಮ್ಮ ವ್ಯಾಪ್ತಿಗೆ ಸೇರಿಸಿ, ಅದು ಏರಿದಾಗ ನನ್ನಾಕೆಯ ಕಡೆಗೆ ತಿರುಗಿ ಉರಿಯಬೇಕೆಂದು ಪ್ರಾರ್ಥನೆ.

ಇಂತು, ಬೇರೆ ದಾರಿಯಿಲ್ಲದೆ
ತಮ್ಮ ವಿಶ್ವಾಸಿ,
ಸ್ಟಿಯರಿಂಗ್ ಹಿಡಿದವನು

ತಾ.ಕ.: ಅತ್ತೆಯವರು ಈಗ ದಿನಾ ಬೆಳಿಗ್ಗೆ ನಾಲ್ಕೂ ಟೈರಿಗೆ ಒಂದೊಂದು ಒದೆ ಕೊಟ್ಟು ವರದಿ ಒಪ್ಪಿಸುತ್ತಾರೆ. ಅವರಿಗೆ ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಆರಿಸುವ ಗುಂಡಿಯೂ ಇಲ್ಲ.